‘ಮನ್ಯಾಗ ಇರ್ತೀರಲ್ರಿ’: ಹುಬ್ಬಳ್ಳಿ-ಧಾರವಾಡದಲ್ಲಿ ಕೂಸು ನೋಡಿಕೊಳ್ಳುವ ಸೇವೆಗಳು ಹೇಗಿವೆ?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಕೂಸು ನೋಡಿಕೊಳ್ಳುವ ಸೇವೆಗೆ ಬರ ಇಲ್ಲ. ವಿದ್ಯಾನಗರ, ಕೇಶ್ವಾಪುರ, ಗೋಕುಲ ರೋಡ್, ಆಚೆ ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಎಲ್ಲಿ ಹೋದರೂ ಬಣ್ಣದ ಗೋಡೆಯ ಪ್ಲೇ ಹೋಮ್ ಒಂದು ಕಣ್ಣಿಗೆ ಬೀಳುತ್ತದೆ. ಬೋರ್ಡಿನ ಕೆಳಸಾಲಿನಲ್ಲಿ ‘ಡೇ ಕೇರ್ ಸೌಲಭ್ಯವಿದೆ’ ಎಂದಿರುತ್ತದೆ. ಆದರೆ ಇವೆಲ್ಲ ಹುಟ್ಟಿಕೊಂಡಿದ್ದು ಬೆಳಗ್ಗೆ ಒಂಬತ್ತೂವರೆಗೆ ಬ್ಯಾಂಕಿಗೋ ಶಾಲೆಗೋ ಆಸ್ಪತ್ರೆಗೋ ಹೊರಟುಬಿಡುವ ತಾಯಂದಿರಿಗಾಗಿ. ಮನೆಯ ಖೋಲಿಯೊಂದರಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವಾಕಿ ಇವರಿಗೆ ಅರ್ಧ ಗಿರಾಕಿ ಇದ್ದಂತೆ. ಕೂಸಿನ ಹಣೆ ಸ್ವಲ್ಪ ಬೆಚ್ಚಗಾದರೂ ಮೊದಲ ಫೋನು ಅವಳಿಗೇ. ಹಬ್ಬದ ಹಿಂದಿನ ದಿನ ಮಧ್ಯಾಹ್ನವೇ ಬಾಗಿಲು ಹಾಕುವಾಗ ‘ನೀವು ಹೆಂಗೂ ಮನ್ಯಾಗ ಇರ್ತೀರಲ್ರಿ ಅಕ್ಕಾರ’ ಎಂಬ ಮಾತು ಸಿದ್ಧವಾಗಿರುತ್ತದೆ. ಮನೆಗೆ ಬಂದು ಕೂಸು ನೋಡುವಾಕಿಯೂ ಇದನ್ನೇ ಹೇಳಿ ಬಾಗಿಲು ಬಡಿಯುತ್ತಾಳೆ.

ಹಾಗಾಗಿ ಇಲ್ಲಿ ಸೇವೆಗಳನ್ನು ಅಳೆದಿರುವುದು ಒಂದೇ ಮಾಪಿನಿಂದ: ಮನೆಯಿಂದಲೇ ಆಫೀಸಿನ ಕೆಲಸ ಮಾಡುವ ತಾಯಿಗೆ ಕೊಟ್ಟ ದುಡ್ಡಿಗೆ ಎಷ್ಟು ತಾಸು ಅಡ್ಡಿಯಿಲ್ಲದೆ ಸಿಗುತ್ತವೆ? ಆಟಿಕೆ, ಗೋಡೆಯ ಚಿತ್ರ, ವಾರ್ಷಿಕೋತ್ಸವದ ಡ್ಯಾನ್ಸು ಇವನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಯಾವುದನ್ನೇ ಹುಡುಕುವ ಮೊದಲು ಎರಡು ವಾರದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೆಲಸವನ್ನು ಮೂರು ಪಾಲು ಮಾಡಬೇಕು. ಕ್ಯಾಮೆರಾ ಹಾಕಿ ಮಾತಾಡಲೇಬೇಕಾದ, ಸರಿಸಲಾಗದ ಮೀಟಿಂಗುಗಳು ಒಂದು ಪಾಲು. ಸತತ ಎರಡು ತಾಸು ತಲೆ ಎತ್ತದೆ ಮಾಡಬೇಕಾದ ಕೆಲಸ ಎರಡನೆಯದು. ಕೂಸು ಪಕ್ಕದಲ್ಲಿ ಮಲಗಿದ್ದರೂ ನಡೆಯುವ ಮೇಲ್, ಶೀಟ್ ತುಂಬುವುದು ಮೂರನೆಯದು. ಮೊದಲ ಎರಡಕ್ಕೆ ಮಾತ್ರ ದುಡ್ಡು ಕೊಟ್ಟು ಸೇವೆ ಕೊಳ್ಳಬೇಕು. ಮೂರನೆಯದಕ್ಕೂ ಸೇರಿಸಿ ಇಡೀ ದಿನದ ಡೇ ಕೇರ್ ಹಚ್ಚಿದವರು ಎರಡು ತಿಂಗಳಲ್ಲಿ ಬಿಡಿಸುವುದೇ ಹೆಚ್ಚು, ಯಾಕೆಂದರೆ ಮಧ್ಯಾಹ್ನ ಮೂರಕ್ಕೇ ಕೂಸನ್ನು ಕರೆತಂದು ಆರರವರೆಗಿನ ಫೀ ಕಟ್ಟುವುದು ಯಾರಿಗೂ ಮನಸ್ಸಿಗೆ ಒಗ್ಗುವುದಿಲ್ಲ.

ಪ್ಲೇ ಹೋಮಿಗೆ ಹೊಂದಿಕೊಂಡ ಡೇ ಕೇರ್

ಸಾಮಾನ್ಯವಾಗಿ ಇವುಗಳಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಪ್ಲೇ ಹೋಮ್, ಅಲ್ಲಿಂದ ಸಂಜೆ ಆರು ಆರೂವರೆಯವರೆಗೆ ಡೇ ಕೇರ್. ತೋರಿಸಲು ಕರೆಯುವುದು ಬೆಳಗ್ಗೆ ಹತ್ತು ಗಂಟೆಗೆ. ಆಗ ಟೀಚರುಗಳೆಲ್ಲ ಇರುತ್ತಾರೆ, ಹಾಡು-ಕುಣಿತ ನಡೆದಿರುತ್ತದೆ. ಹನ್ನೆರಡೂವರೆಗೆ ಟೀಚರುಗಳು ಮನೆಗೆ ಹೋದ ಮೇಲೆ ಉಳಿಯುವುದು ಒಬ್ಬಿಬ್ಬರು ಆಯಾಗಳು. ಆದ್ದರಿಂದ ನೋಡಲು ಹೋಗುವುದಿದ್ದರೆ ಮಧ್ಯಾಹ್ನ ಎರಡಕ್ಕೆ, ಮುಂಚೆ ಹೇಳದೆ ಹೋಗಬೇಕು. ಒಳಗೆ ಬಿಡುವುದಿಲ್ಲ ಅಂದರೆ ಅದೇ ಉತ್ತರ ಅಂದುಕೊಂಡು ವಾಪಸ್ ಬರಬಹುದು.

ಆ ಹೊತ್ತಿನಲ್ಲಿ ನೋಡಬೇಕಾದದ್ದು: ಮಲಗುವ ಖೋಲಿಯೊಳಗೆ ಒಬ್ಬ ದೊಡ್ಡವರು ಕೂತಿದ್ದಾರೋ, ಹೊರಗೆ ಹರಟೆಯಲ್ಲಿದ್ದಾರೋ. ಹಾಲಿನ ಬಾಟಲಿಯನ್ನು ದಿಂಬಿಗೆ ಆನಿಸಿ ಕೂಸಿನ ಬಾಯಿಗಿಟ್ಟಿದ್ದಾರೋ, ಎತ್ತಿಕೊಂಡು ಕುಡಿಸುತ್ತಿದ್ದಾರೋ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಕನಿಷ್ಠ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಂದು ಮಗುವಿಗೆ 10ರಿಂದ 12 ಚದರ ಅಡಿ ಜಾಗ ಎಂದಿದೆ. ಅದು ಕನಿಷ್ಠ ಮಾತ್ರ. ಒಂದೂವರೆ ವರ್ಷದೊಳಗಿನ ಕೂಸುಗಳಾದರೆ ಒಬ್ಬಾಕೆಗೆ ನಾಲ್ಕೇ ಜಾಸ್ತಿ. ಒಂದಕ್ಕೆ ಡೈಪರ್ ಬದಲಿಸಿ ಇನ್ನೊಂದಕ್ಕೆ ಉಣಿಸುವಷ್ಟರಲ್ಲಿ ಉಳಿದೆರಡು ಅಳುತ್ತಿರುತ್ತವೆ. ಅಂಥ ಕಡೆ ಕೂಸನ್ನು ಸುಮ್ಮನಿರಿಸುವ ಸುಲಭದ ದಾರಿ ಟಿವಿ. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡವೇ ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಟಿವಿ ಯಾವ ಖೋಲಿಯಲ್ಲಿದೆ, ಎಷ್ಟು ಹೊತ್ತು ಹಚ್ಚುತ್ತೀರಿ ಎಂದು ನೇರವಾಗಿ ಕೇಳಿ.

ನಿದ್ದೆಯ ವೇಳೆಯನ್ನೂ ಕೇಳಬೇಕು. ಮಧ್ಯಾಹ್ನ ಒಂದೂವರೆಗೆ ಮಲಗಿಸಿ, ಎದ್ದರೆ ಕಷ್ಟ ಅಂತ ನಾಲ್ಕೂವರೆವರೆಗೂ ತಟ್ಟಿ ತಟ್ಟಿ ಮಲಗಿಸುವ ಜಾಗಗಳಿವೆ. ಡೇ ಕೇರಿಗೆ ಅದು ಆರಾಮ, ಮನೆಗೆ ಬಂದ ಕೂಸು ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಇರುವಾಕಿಗೆ ಇದು ದೊಡ್ಡ ಪೆಟ್ಟು. ಮೂರು ಗಂಟೆಗೆ ಎಬ್ಬಿಸಿಬಿಡಿ ಎಂದು ಸೇರಿಸುವಾಗಲೇ ಬರೆಸಬೇಕು.

ನೀರಿನ ಮಾತು ನಮ್ಮ ಊರಿಗೆ ವಿಶೇಷ. ನಳಕ್ಕೆ ನೀರು ಎಷ್ಟೋ ಓಣಿಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಕೆಲವು ಕಡೆ ಇನ್ನೂ ತಡವಾಗಿ ಬರುತ್ತದೆ. ಇಪ್ಪತ್ತು ಮಕ್ಕಳು ಇರುವ ಜಾಗ ಈ ನಡುವಿನ ದಿನಗಳನ್ನು ಸಂಪಿನ ಮೇಲೆ ದಬ್ಬುತ್ತದೆ. ನೀರು ಕಮ್ಮಿಯಾದ ದಿನ ಮೊದಲು ಕಡಿತವಾಗುವುದು ಕೈ ತೊಳೆಯುವುದು. ಡೈಪರ್ ಬದಲಿಸುವ ಜಾಗದಿಂದ ಅಡುಗೆಕಟ್ಟೆಗೆ ಹೋಗುವ ದಾರಿಯಲ್ಲಿ ನಳ ಮತ್ತು ಸಾಬೂನು ಇದೆಯೇ ನೋಡಿ. ಇಲ್ಲದಿದ್ದರೆ ವಾಂತಿ-ಭೇದಿ ಒಂದು ಕೂಸಿನಿಂದ ಇಡೀ ಖೋಲಿಗೆ ಹಬ್ಬಲು ಎರಡು ದಿನ ಸಾಕು. ಫೆಬ್ರವರಿ ಕೊನೆಯಿಂದ ಮೇವರೆಗೆ ಕರೆಂಟಿನದೂ ಪ್ರಶ್ನೆ. ಇನ್ವರ್ಟರ್ ಇದೆ ಅನ್ನುತ್ತಾರೆ. ಅದು ಆಫೀಸಿನ ಕಂಪ್ಯೂಟರಿಗೋ, ಮಲಗುವ ಖೋಲಿಯ ಫ್ಯಾನಿಗೋ? ಸ್ವಿಚ್ ಹಾಕಿಸಿ ನೋಡಿ. ಧಾರವಾಡ ಕಡೆಯಾದರೆ ಜೂನ್‌ನಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಮಳೆ, ಗೋಡೆಗೆ ತೇವ, ಹಾಸಿಗೆ ಒಣಗುವುದಿಲ್ಲ. ಚಾಪೆ ಎತ್ತಿ ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ.

ಜ್ವರದ ನಿಯಮ ಎಲ್ಲಕ್ಕಿಂತ ಮುಖ್ಯ. ಆರು ವರ್ಷದೊಳಗಿನ ಆರೋಗ್ಯವಂತ ಮಕ್ಕಳಿಗೂ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಸಹಜ. ಡೇ ಕೇರ್ ಸೇರಿದ ಮೊದಲ ವರ್ಷ ಅದಕ್ಕೂ ಹೆಚ್ಚು. ಪ್ರತಿ ಸೀನಿಗೂ ವಾಪಸ್ ಕಳಿಸಿದರೆ ತಿಂಗಳಿಗೆ ಒಂದು ವಾರದ ಸೇವೆ ಕೈಬಿಟ್ಟಂತೆ. ಬರಹದಲ್ಲಿ ಇರಬೇಕಾದದ್ದು ಹೀಗೆ: ಕಂಕುಳಲ್ಲಿ ಅಳೆದು 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಎರಡು ಸಲ ತೆಳ್ಳಗೆ ಭೇದಿಯಾದರೆ, ಒಂದಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ಮೈಮೇಲೆ ಹೊಸ ಗುಳ್ಳೆ ಎದ್ದರೆ ಫೋನ್. ಬರೀ ಮೂಗು ಸೋರುತ್ತಿದ್ದರೆ ಇಲ್ಲ. ಅಂಗೈ, ಅಂಗಾಲು, ಬಾಯಲ್ಲಿ ಗುಳ್ಳೆ ಬರುವ ಜ್ವರ ಹರಡಿದಾಗ ಮಾತ್ರ ತಕರಾರು ಮಾಡದೆ ಮನೆಯಲ್ಲೇ ಇಟ್ಟುಕೊಳ್ಳಬೇಕು, ಜ್ವರ ಹೋಗಿ ಗುಳ್ಳೆ ಒಣಗುವವರೆಗೆ. ಮತ್ತು ಆ ಫೋನು ತಾಯಿಗಷ್ಟೇ ಬರಬಾರದು. ಫಾರ್ಮಿನಲ್ಲಿ ಮೊದಲ ನಂಬರು ಅಪ್ಪನದು ಹಾಕಿ ನೋಡಿ, ಫೋನಿನ ಸಂಖ್ಯೆಯೇ ಇಳಿಯುತ್ತದೆ. ಬೆಚ್ಚಗಿನ ಹಣೆಗೆ ಅಪ್ಪನನ್ನು ಆಫೀಸಿನಿಂದ ಕರೆಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಸೂಟಿಯ ಪಟ್ಟಿ ಇನ್ನೊಂದು ತೊಡಕು. ಕಂಪನಿ ಬೆಂಗಳೂರಿನದು, ಡೇ ಕೇರ್ ಹುಬ್ಬಳ್ಳಿಯದು. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಹೋಳಿಯಾದ ಐದನೇ ದಿನ, ರಂಗಪಂಚಮಿಗೆ. ಅಂದು ರಸ್ತೆಗೆ ಇಳಿಯುವ ಹಾಗಿರುವುದಿಲ್ಲ, ಡೇ ಕೇರ್ ಬಂದ್. ಬೆಂಗಳೂರಿನ ಮ್ಯಾನೇಜರಿಗೆ ಅದು ಮಾಮೂಲಿ ಕೆಲಸದ ದಿನ. ನಾಗರಪಂಚಮಿ, ಗಣಪತಿ ಕಳಿಸುವ ದಿನ, ಶಿವರಾತ್ರಿಯ ಹೊತ್ತಿನ ಸಿದ್ಧಾರೂಢರ ಜಾತ್ರೆ ಇವೂ ಹೀಗೆಯೇ. ವರ್ಷದ ಆರಂಭದಲ್ಲೇ ಎರಡೂ ಪಟ್ಟಿ ಎದುರುಬದುರು ಇಟ್ಟು, ಹೊಂದದ ದಿನಗಳಿಗೆ ರಜೆ ಮುಂಚೆಯೇ ಹಾಕಿಬಿಡುವುದು ಜಾಣತನ.

ಫೀ ಎಷ್ಟು ಎನ್ನುವುದಕ್ಕಿಂತ ತಾಸಿಗೆ ಎಷ್ಟು ಬೀಳುತ್ತದೆ ನೋಡಿ. ತಿಂಗಳಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. 22 ದಿನ, ದಿನಕ್ಕೆ ಎಂಟೂವರೆ ತಾಸು ಎಂದರೆ ತಾಸಿಗೆ 32 ರೂಪಾಯಿ, ಅಗ್ಗ ಅನಿಸುತ್ತದೆ. ಆದರೆ ಸೂಟಿ, ನೆಗಡಿ ಕಳೆದು 18 ದಿನ, ದಿನಕ್ಕೆ ಐದು ತಾಸು ಮಾತ್ರ ಬಳಸಿದರೆ ತಾಸಿಗೆ 67 ರೂಪಾಯಿ ಆಯಿತು. ಇದರ ಮೇಲೆ ಪ್ರವೇಶ ಶುಲ್ಕ, ವಾರ್ಷಿಕ ಶುಲ್ಕ, ತಡವಾದ ಅರ್ಧ ತಾಸಿಗೆ ದಂಡ. ಅರ್ಧ ದಿನದ ದರ ಬೋರ್ಡಿನ ಮೇಲೆ ಇರುವುದಿಲ್ಲ, ಕೇಳಿದರೆ ಹಲವರು ಕೊಡುತ್ತಾರೆ. ಏಪ್ರಿಲ್-ಮೇನಲ್ಲಿ ಪ್ಲೇ ಹೋಮ್ ಮುಚ್ಚಿದಾಗ ಡೇ ಕೇರ್ ನಡೆಯುತ್ತದೆಯೇ, ನಡೆಯದಿದ್ದರೂ ಫೀ ಕೊಡಬೇಕೇ ಎಂಬುದನ್ನು ರಸೀದಿ ಹರಿಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಸಿಸಿಟಿವಿ ಆ್ಯಪ್ ಬಗ್ಗೆ ಇಲ್ಲಿ ಭಾರಿ ಪ್ರಚಾರ. ನಮ್ಮ ಅಭಿಪ್ರಾಯದಲ್ಲಿ ಅದು ಎರಡು ಅಲುಗಿನ ಕತ್ತಿ. ಅರ್ಧ ಪರದೆಯಲ್ಲಿ ಎಕ್ಸೆಲ್, ಅರ್ಧ ಪರದೆಯಲ್ಲಿ ಕೂಸು ಇಟ್ಟುಕೊಂಡರೆ ಎರಡೂ ಆಗುವುದಿಲ್ಲ. ಹನ್ನೊಂದಕ್ಕೊಂದು, ಮೂರಕ್ಕೊಂದು ಫೋಟೊ ವಾಟ್ಸ್‌ಆ್ಯಪ್ ಮಾಡಿ ಎಂದು ಹೇಳಿ ಆ್ಯಪ್ ಮುಚ್ಚಿಡುವುದು ಲೇಸು.

ಒಟ್ಟಾರೆ ಎರಡು ವರ್ಷ ದಾಟಿದ, ಸ್ವಲ್ಪ ಮಾತು ಬರುವ ಮಕ್ಕಳಿಗೆ, ಬೆಳಗಿನ ಹೊತ್ತು ಮೀಟಿಂಗ್ ಹೆಚ್ಚಿರುವ ತಾಯಿಗೆ ಇದು ಒಳ್ಳೆಯ ಆಯ್ಕೆ. ವರ್ಷದೊಳಗಿನ ಕೂಸಿಗೆ ಹೇಳಲಾರೆವು.

ಓಣಿಯ ಮನೆಯಲ್ಲಿ ನಡೆಯುವ ಡೇ ಕೇರ್

ಬೋರ್ಡ್ ಇರುವುದಿಲ್ಲ, ಬಾಯಿಂದ ಬಾಯಿಗೆ ಗೊತ್ತಾಗುತ್ತದೆ. ನಿವೃತ್ತ ಟೀಚರೋ, ಮಕ್ಕಳು ದೊಡ್ಡವರಾಗಿ ಮನೆ ಖಾಲಿಯಾದ ಗೃಹಿಣಿಯೋ ನಾಲ್ಕಾರು ಕೂಸು ನೋಡಿಕೊಳ್ಳುತ್ತಿರುತ್ತಾರೆ. ವೇಳೆ ಸಡಿಲ, ಸಂಜೆ ಏಳೂವರೆ ಆದರೂ ಮುಖ ಗಂಟಿಕ್ಕುವುದಿಲ್ಲ. ಊಟವೂ ಮನೆಯದೇ: ಬಿಸಿ ಅನ್ನ-ಬ್ಯಾಳಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಸಜ್ಜಕ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಸಿಕ್ಕರೆ, ಎದೆಹಾಲು ಕುಡಿಯುವ ಕೂಸಿನ ತಾಯಿ ನಡುವೆ ಒಮ್ಮೆ ಹೋಗಿ ಕುಡಿಸಿ ಬರಬಹುದು. ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಯಾವ ಸೇವೆಯಲ್ಲೂ ಇಲ್ಲ.

ಅಪಾಯಗಳೂ ಮನೆಯವೇ. ಮೊದಲನೆಯದು ಮತ್ತೆ ನೀರು. ನಳ ಬಂದ ದಿನ ಬಚ್ಚಲು ಪೂರ್ತಿ ಬಕೆಟ್ಟು, ಕೊಡ, ಬ್ಯಾರಲ್ ತುಂಬಿಟ್ಟಿರುತ್ತಾರೆ. ಅಂಬೆಗಾಲಿಡುವ, ಹಿಡಿದು ನಿಲ್ಲುವ ಕೂಸಿನ ತಲೆ ಭಾರ. ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ಮೇಲೇಳಲು ಬರುವುದಿಲ್ಲ, ಕೆಲವೇ ಅಂಗುಲ ನೀರು ಸಾಕು. ಸದ್ದೂ ಆಗುವುದಿಲ್ಲ. ಬಚ್ಚಲಿನ ಬಾಗಿಲಿಗೆ ಎತ್ತರದಲ್ಲಿ, ಹೊರಗಿನಿಂದ ಚಿಲಕ ಇದೆಯೇ? ಅಂಗಳದ ಸಂಪಿನ ಮುಚ್ಚಳಕ್ಕೆ ಕೀಲಿ ಇದೆಯೇ? ತಗಡಿನ ಮುಚ್ಚಳದ ಮೇಲೆ ಕಲ್ಲು ಇಟ್ಟಿದ್ದೇವೆ ಎನ್ನುವ ಮನೆಗೆ ಕೂಸನ್ನು ಬಿಡಬೇಡಿ. ಮಾಳಿಗೆಗೆ ಹೋಗುವ ಮೆಟ್ಟಿಲಿಗೆ ಕಟಾಂಜನ, ಗ್ಯಾಸ್ ಒಲೆಯ ಎತ್ತರ, ಇಸ್ತ್ರಿಯ ವೈರು ಇವನ್ನು ಒಂದು ಸುತ್ತಿನಲ್ಲಿ ನೋಡಿಬಿಡಬಹುದು.

ಎರಡನೆಯದು ಪ್ರೀತಿಯಿಂದ ಬಾಯಿಗೆ ಹಾಕುವುದು. ನಮ್ಮ ಕಡೆ ಕೂಸು ಅತ್ತರೆ ಕೈಗೆ ನಾಲ್ಕು ಶೇಂಗಾ, ಪುಟಾಣಿ (ಹುರಿಗಡಲೆ) ಕೊಡುವುದು ರೂಢಿ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳು. ಶೇಂಗಾವನ್ನು ಪುಡಿ ಮಾಡಿ ಅನ್ನಕ್ಕೆ ಕಲೆಸಿ ಕೊಡಲಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಲಿ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ಬೇಡ, ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವನ್ನು ತಡೆಯುವ ಶಕ್ತಿ ಆ ವಯಸ್ಸಿನ ಕರುಳಿಗೆ ಇರುವುದಿಲ್ಲ. ಹಿರಿಯರಿಗೆ ಇದನ್ನು ಹೇಳುವಾಗ ‘ಡಾಕ್ಟ್ರು ಬ್ಯಾಡಂದಾರ್ರಿ ಅಮ್ಮಾ’ ಎಂದು ಡಾಕ್ಟರ ಮೇಲೆ ಹಾಕಿದರೆ ಮನಸ್ತಾಪ ಇಲ್ಲದೆ ಮುಗಿಯುತ್ತದೆ.

ಇಡೀ ಸೇವೆ ನಿಂತಿರುವುದು ಒಬ್ಬರ ಮೇಲೆ ಎಂಬುದು ಮೂರನೆಯದು. ಅವರಿಗೆ ಜ್ವರ ಬಂದರೆ, ಮಗಳ ಬಾಣಂತನಕ್ಕೆ ಪುಣೆಗೆ ಹೊರಟರೆ, ಡೇ ಕೇರೇ ಇಲ್ಲ. ಮನೆಯಲ್ಲಿ ಇನ್ನು ಯಾರ್ಯಾರು ಇರುತ್ತಾರೆ, ಮಧ್ಯಾಹ್ನ ಯಾರು ಬಂದು ಹೋಗುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಹಾಗಿದ್ದೂ ಆರು ತಿಂಗಳಿಂದ ಎರಡು ವರ್ಷದ ಕೂಸಿಗೆ ಅವಳಿ ನಗರದಲ್ಲಿ ನಾವು ಮೊದಲು ಹುಡುಕಲು ಹೇಳುವುದು ಇಂಥ ಮನೆಯನ್ನೇ.

ಮನೆಗೇ ಬರುವಾಕಿ

ಮೇಲ್ನೋಟಕ್ಕೆ ಅತ್ಯಂತ ಸುಲಭ, ಕೆಡುವುದೂ ಬೇಗ. ಕೆಡಲು ಕಾರಣ ಬಹುತೇಕ ಸಲ ಮನೆಯ ನಕಾಶೆ ಮತ್ತು ಮೊದಲ ದಿನದ ಮಾತುಕತೆ. ಬರುವ ಹೆಣ್ಣುಮಗಳ ತಪ್ಪು ಕಡಿಮೆ.

ನಕಾಶೆಯನ್ನು ನೋಡೋಣ. ಧಾರವಾಡದ ಹಳೆಯ ಮನೆಗಳು, ಹುಬ್ಬಳ್ಳಿಯ ಚಾಳಿನ ಮನೆಗಳು ಉದ್ದಕ್ಕೆ ಒಂದರ ಹಿಂದೊಂದು ಖೋಲಿ: ಮುಂದೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ ಅಂತ ತಾಯಿ ಪಡಸಾಲೆಯಲ್ಲಿ ಟೇಬಲ್ ಹಾಕಿದರೆ, ನೀರು ಕುಡಿಯಲು, ಬಚ್ಚಲಿಗೆ ಹೋಗಲು ಪ್ರತಿ ಸಲ ಕೂಸಿನ ಕಣ್ಣಮುಂದೆ ದಾಟಬೇಕು. ಹತ್ತು ನಿಮಿಷದ ಹಿಂದೆ ಸುಮ್ಮನೆ ಆಡುತ್ತಿದ್ದ ಕೂಸು ತಾಯಿಯನ್ನು ಕಂಡ ಕೂಡಲೇ ಕೈ ಚಾಚುತ್ತದೆ, ಆಮೇಲೆ ಅರ್ಧ ತಾಸು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಉಪಾಯ ಇಷ್ಟೇ: ಕೂಸು ಮತ್ತು ನೋಡುವಾಕಿ ಮುಂದಿನ ಭಾಗದಲ್ಲಿ, ಹೊರಗಿನ ಕಟ್ಟೆಗೆ ಹತ್ತಿರ, ತಾಯಿ ಹಿಂದೆ, ಬಚ್ಚಲಿಗೆ ಹತ್ತಿರ. ರೂಟರ್ ಮುಂದೆಯೇ ಉಳಿಯುವುದಾದರೆ 15 ಮೀಟರ್ ಲ್ಯಾನ್ ಕೇಬಲ್ ಹಿಂದಕ್ಕೆ ಎಳೆಸಿ. ಟೇಬಲ್ಲಿನ ಪಕ್ಕ ಒಂದು ತಂಬಿಗೆ ನೀರು, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಒಳಗೆ ಹೋದರೆ ಎರಡೂವರೆ ತಾಸು ಹೊರಬರುವ ಪ್ರಮೇಯವಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಹೊಸ ಮನೆಯಾದರೆ ಮೇಲಿನ ಖೋಲಿ ಆಫೀಸು, ಕೆಳಗೆ ಕೂಸು. ಹೆಡ್‌ಫೋನ್ ಹಾಕಿದರೆ ತಾಯಿಗೆ ಕೂಸಿನ ಸದ್ದು ಕೇಳದಿರಬಹುದು, ತಾಯಿಯ ದನಿ ಮಾತ್ರ ಕೂಸಿಗೆ ಕೇಳುತ್ತಲೇ ಇರುತ್ತದೆ. ಬಾಗಿಲ ಸಂದಿಗೆ ಹಳೆಯ ಕೌದಿಯೊಂದನ್ನು ಮಡಿಸಿ ಒತ್ತಿದರೆ ಅರ್ಧ ಸದ್ದು ಅಲ್ಲೇ ನಿಲ್ಲುತ್ತದೆ.

ಇನ್ನು ಮಾತುಕತೆ. ‘ಕೂಸು ನೋಡ್ಕೊಂಡು, ಅದು ಮಲಗಿದಾಗ ಭಾಂಡೆ ತಿಕ್ಕಿಬಿಡವಾ’ ಎಂದು ಶುರುವಾದ ಕೆಲಸ ಹದಿನೈದು ದಿನದಲ್ಲಿ ಭಾಂಡೆ ತಿಕ್ಕುತ್ತ ಕೂಸನ್ನು ನೋಡುವ ಕೆಲಸವಾಗುತ್ತದೆ. ಕೂಸಿನ ಊಟ, ಕೂಸಿನ ಬಟ್ಟೆ, ಕೂಸು ಆಡುವ ಜಾಗದ ಕಸ, ಇಷ್ಟಕ್ಕೆ ಮಿತಿ ಹಾಕಿ. ಭಾಂಡೆಗೆ ಬೇರೆಯವರಿರಲಿ. ಪಗಾರ ಯಾವ ತಾರೀಖು, ತಿಂಗಳಿಗೆ ಎಷ್ಟು ಸೂಟಿ, ಸೂಟಿಗೆ ಪಗಾರ ಹಿಡಿಯುವುದೋ ಇಲ್ಲವೋ, ಉಚಲ (ಮುಂಗಡ) ಕೊಟ್ಟರೆ ತಿಂಗಳಿಗೆ ಎಷ್ಟು ಮುರಿಯುವುದು, ಎಲ್ಲ ಮೊದಲ ದಿನವೇ ಆಗಬೇಕು. ಆಕೆ ಸ್ವಸಹಾಯ ಸಂಘದ ಸದಸ್ಯೆಯಾಗಿದ್ದರೆ ವಾರಕ್ಕೊಂದು ದಿನ ಸಂಘದ ಸಭೆ, ಕಂತು ಕಟ್ಟುವುದು ಇರುತ್ತದೆ. ಅದು ತಪ್ಪುವಂಥದ್ದಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿ ಆ ತಾಸಿನಲ್ಲಿ ಮೀಟಿಂಗ್ ಇಡದಿದ್ದರಾಯಿತು. ಇದನ್ನು ಕೇಳದೆ ‘ಹೇಳದೆ ಕೇಳದೆ ಹೋದಳು’ ಎಂದು ದೂರುವವರೇ ಹೆಚ್ಚು.

ಬಸ್ಸಿನ ಲೆಕ್ಕವೂ ಉಂಟು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಸಾರಿಗೆ ಬಸ್ಸಿಗೆ ಮಾತ್ರ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಎಸಿ ಬಸ್ಸು ‘ಚಿಗರಿ’ಗೆ ಇಲ್ಲ. ನವನಗರದಿಂದ ವಿದ್ಯಾನಗರಕ್ಕೆ ಬರುವಾಕಿ ಚಿಗರಿ ಬಿಟ್ಟು ಸಾದಾ ಬಸ್ಸಿಗೆ ಕಾಯುತ್ತಾಳೆ, ಇಪ್ಪತ್ತು ನಿಮಿಷ ಆಚೀಚೆ ಆಗುತ್ತದೆ. ಒಂಬತ್ತೂವರೆಗೆ ಮೀಟಿಂಗ್ ಇದ್ದರೆ ಒಂಬತ್ತಕ್ಕೆ ಬರಹೇಳಬೇಕು, ಇಲ್ಲವೇ ಚಿಗರಿಯ ಪಾಸಿನ ದುಡ್ಡು ಪಗಾರದ ಜೊತೆ ಕೊಡಬೇಕು. ಎರಡನೆಯದೇ ವಾಸಿ, ಅರ್ಧ ತಾಸು ನಿಶ್ಚಿಂತೆ ಸಿಗುತ್ತದೆ. ಆಧಾರ್ ಪ್ರತಿ, ಮನೆಯ ವಿಳಾಸ, ಮೊದಲು ಕೆಲಸ ಮಾಡಿದ ಎರಡು ಮನೆಯವರ ಜೊತೆ ಮಾತು ಇವು ಬೇಕೇ ಬೇಕು. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಏಜೆನ್ಸಿಯಿಂದ ಕರೆಸಿದರೆ ಪರಿಶೀಲನೆಯ ಕಾಗದದ ಪ್ರತಿಯನ್ನೇ ಕೇಳಿ, ‘ಆಗೇತ್ರಿ’ ಎಂಬ ಬಾಯಿಮಾತು ಸಾಲದು.

ಮೊದಲ ವಾರ ಅವಸರ ಮಾಡಬೇಡಿ. ಮೊದಲ ಎರಡು ದಿನ ತಾಯಿ ಅದೇ ಖೋಲಿಯಲ್ಲಿ, ಕೂಸು ಮಾತ್ರ ನೋಡುವಾಕಿಯ ಕೈಯಲ್ಲಿ. ಮೂರನೇ ದಿನ ಅರ್ಧ ತಾಸು ಬೇರೆ ಖೋಲಿ. ನಾಲ್ಕನೇ ದಿನ ಒಂದು ತಾಸು, ಅದರೊಳಗೆ ಒಂದು ಊಟ. ಎರಡನೇ ವಾರದಲ್ಲಿ ಮೀಟಿಂಗ್ ಇಡಬಹುದು. ಎಂಟು ತಿಂಗಳಿಂದ ಒಂದೂವರೆ ವರ್ಷದ ನಡುವೆ ತಾಯಿ ಕಣ್ಮರೆಯಾದರೆ ಅಳುವುದು ಜೋರು, ಅಂಥ ಕೂಸಿಗೆ ಇನ್ನೊಂದು ವಾರ ಹಿಡಿಯುತ್ತದೆ. ಕದ್ದು ಹೋಗಬಾರದು. ‘ಹೋಗಿ ಬರ್ತೀನಿ’ ಎಂದು ಕೈ ಬೀಸಿಯೇ ಒಳಗೆ ಹೋಗಬೇಕು, ಒಮ್ಮೆ ಹೋದ ಮೇಲೆ ಅಳು ಕೇಳಿ ಹೊರಗೆ ಬರಬಾರದು. ಬಂದರೆ ಅತ್ತರೆ ಅಮ್ಮ ಬರುತ್ತಾಳೆ ಎಂಬ ಪಾಠ ಕೂಸಿಗೂ, ಬಾಗಿಲು ಬಡಿದರೆ ಕೆಲಸ ಹಗುರ ಎಂಬ ಪಾಠ ನೋಡುವಾಕಿಗೂ ಆಗುತ್ತದೆ. ಬಾಗಿಲು ಬಡಿಯಲು ನಾಲ್ಕೇ ಕಾರಣ ಇರಲಿ: ಬಿದ್ದು ಪೆಟ್ಟಾಗಿದೆ, ಮೈ ಸುಡುತ್ತಿದೆ, ವಾಂತಿಯಾಗಿದೆ, ಉಸಿರಿಗೆ ತೊಂದರೆ. ಉಳಿದದ್ದು, ‘ಡಬ್ಬಿ ಎಲ್ಲೈತ್ರಿ’ ಎಂಬುದೂ ಸೇರಿ, ಮುಂದಿನ ಚಹಾ ವೇಳೆಗೆ.

ಆ ಡಬ್ಬಿಯ ಪ್ರಶ್ನೆ ಬರದಂತೆ ಬೆಳಗ್ಗೆಯೇ ಒಂದು ಬುಟ್ಟಿ ಕಟ್ಟಿಡಬೇಕು: ಆ ದಿನದ ಡೈಪರ್ ಐದು, ಎರಡು ಜೊತೆ ಬಟ್ಟೆ, ಒರೆಸುವ ಬಟ್ಟೆ, ಊಟದ ಡಬ್ಬಿ, ಥರ್ಮಾಮೀಟರ್. ಮಳೆಗಾಲದಲ್ಲಿ ಬಟ್ಟೆಯ ಡೈಪರ್ ಬಳಸುವವರು ದಿನಕ್ಕೆ ಬೇಕಾಗುವುದರ ಮೂರು ಪಟ್ಟು ಇಟ್ಟುಕೊಳ್ಳಬೇಕು, ಧಾರವಾಡದ ಮಳೆಗೆ ಎರಡು ದಿನವಾದರೂ ಒಣಗುವುದಿಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿ, ಪೆನ್ಸಿಲ್ ದಾರಕ್ಕೆ ಕಟ್ಟಿ: ಹಾಲು, ಊಟ, ನಿದ್ದೆ, ಒಂದು-ಎರಡು, ಔಷಧಿ. ಅಕ್ಷರ ಬಾರದಿದ್ದರೆ ಚಿತ್ರ ಬರೆದು ಗೆರೆ ಎಳೆಯಲು ಹೇಳಿದರಾಯಿತು. ಸಂಜೆ ಐದಕ್ಕೆ ಹಾಳೆ ನೋಡಿದರೆ ದಿನ ಹೇಗೆ ಹೋಯಿತು ಎಂದು ತಿಳಿಯಲು ಒಂದು ನಿಮಿಷ ಸಾಕು.

ಹಿಂಡಿಟ್ಟ ಎದೆಹಾಲಿನ ವಿಷಯದಲ್ಲಿ ತಪ್ಪು ಹೆಚ್ಚು. 25 ಡಿಗ್ರಿ ಸೆಲ್ಸಿಯಸ್ ಒಳಗಿನ ಖೋಲಿಯಲ್ಲಿ ನಾಲ್ಕು ತಾಸು ಇರಬಹುದು ಎಂಬ ಲೆಕ್ಕ ನಮ್ಮ ಏಪ್ರಿಲ್‌ಗೆ ನಡೆಯುವುದಿಲ್ಲ, ಹಿಂಡಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ, ಬಾಗಿಲಿನ ತಟ್ಟೆಯಲ್ಲಿ ಇಡಬಾರದು. 60 ಎಂಎಲ್‌ನ ಸಣ್ಣ ಸಣ್ಣ ಬಾಟಲಿಗಳಾಗಿ ಇಡಿ. ಕೂಸು ಬಾಯಿಟ್ಟು ಉಳಿಸಿದ್ದನ್ನು ಎರಡು ತಾಸಿನೊಳಗೆ ಕುಡಿಸದಿದ್ದರೆ ಚೆಲ್ಲಲೇಬೇಕು, ದೊಡ್ಡ ಬಾಟಲಿಯಾದರೆ ನಷ್ಟವೂ ದೊಡ್ಡದು. ಕಾಯಿಸುವುದು ಬೇಡ. ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು ಬೆಚ್ಚಗಾಗಿಸಬೇಕು. ‘ಹಾಲು ಅಂದ್ರ ಕಾಸಬೇಕು’ ಎಂಬ ರೂಢಿಯಿಂದ ಒಲೆಗೆ ಇಟ್ಟುಬಿಡುತ್ತಾರೆ, ಒಮ್ಮೆ ಮಾಡಿ ತೋರಿಸಿ.

ಔಷಧಿಯಲ್ಲಿ ಇನ್ನೂ ಎಚ್ಚರ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ ಐದು ಎಂಎಲ್‌ಗೆ 120 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಪ್ರಮಾಣ ಹಲವು ಪಟ್ಟು ಏರುತ್ತದೆ. ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇರಲಿ, ಕೂಸಿನ ತೂಕಕ್ಕೆ ವೈದ್ಯರು ಹೇಳಿದ ಎಂಎಲ್ ಅನ್ನು ಬಾಟಲಿಗೇ ಅಂಟಿಸಿ, ಕೊಟ್ಟ ವೇಳೆ ಹಾಳೆಯಲ್ಲಿ ಬರೆಯಬೇಕು. ಓಆರ್‌ಎಸ್ ದೊಡ್ಡ ಪಾಕೀಟು ಒಂದು ಲೀಟರ್ ನೀರಿಗೆ, ಪೂರ್ತಿ ಪಾಕೀಟು ಒಂದೇ ಸಲಕ್ಕೆ. ಲೋಟಕ್ಕೆ ಒಂದು ಚಮಚ ಅಂತ ಅಂದಾಜಿನಲ್ಲಿ ಕದಡಿದರೆ ಉಪ್ಪಿನ ಹದ ಕೆಡುತ್ತದೆ. ಕದಡಿದ್ದು 24 ತಾಸಿಗೆ ಮುಗಿಯಬೇಕು. ತುರ್ತಿಗೆ 108 ಮತ್ತು ಹತ್ತಿರದ ಆಸ್ಪತ್ರೆಯ ನಂಬರು ಅದೇ ಹಾಳೆಯ ತಲೆಯ ಮೇಲೆ.

ದುಡ್ಡಿನ ಲೆಕ್ಕ ಇಲ್ಲೂ ಹಾಗೆಯೇ. ತಿಂಗಳಿಗೆ 9,000 ಪಗಾರ, ದಿನಕ್ಕೆ ಐದು ತಾಸು, ತಿಂಗಳಲ್ಲಿ 20 ದಿನ ಎಂದಿಟ್ಟುಕೊಂಡರೆ ತಾಸಿಗೆ 90 ರೂಪಾಯಿ. ಡೇ ಕೇರಿಗಿಂತ ತುಟ್ಟಿ. ಆದರೆ ನೆಗಡಿಯಾದ ಕೂಸನ್ನು ವಾಪಸ್ ಕಳಿಸುವ ಪ್ರಶ್ನೆ ಇಲ್ಲದಿರುವುದರಿಂದ ಮಳೆಗಾಲದಲ್ಲಿ ಅಂತರ ಬಹಳ ಕಡಿಮೆಯಾಗುತ್ತದೆ. ಅಜ್ಜಿ ಮನೆಯಲ್ಲಿದ್ದರಂತೂ ಈ ಸೇವೆಗೆ ನಾವು ಐದಕ್ಕೆ ನಾಲ್ಕೂವರೆ ಕೊಡುತ್ತೇವೆ: ಎತ್ತುವುದು, ಓಡುವುದು, ಜಳಕ ಮಾಡಿಸುವುದು ಆಕೆಯ ಪಾಲು, ಕಣ್ಣಿಡುವುದು ಅಜ್ಜಿಯ ಪಾಲು. ಅಜ್ಜಿಯೊಬ್ಬರ ಮೇಲೆಯೇ ಎಂಟು ತಾಸು ಹೊರಿಸುವುದಕ್ಕೆ ಸೊನ್ನೆ. ಮಂಡಿ ನೋವಿನ ಹೆಂಗಸು ಓಡುವ ಕೂಸಿನ ಹಿಂದೆ ಎಷ್ಟು ಹೊತ್ತು ಓಡಬೇಕು?

ಪಂಚಮಿಗೆ ಮಾತ್ರ ಸಿದ್ಧವಾಗಿರಿ. ಶ್ರಾವಣದ ನಾಗರಪಂಚಮಿಗೆ ಈ ಭಾಗದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಮೂರು ದಿನ ಅಂದವರು ವಾರ ಮಾಡಿ ಬರುತ್ತಾರೆ. ಜೋಕಾಲಿ ಜೀಕಿ ತಂಬಿಟ್ಟು ತಿಂದು ಬರುವ ಹೆಣ್ಣುಮಗಳನ್ನು ತಡೆಯುವುದು ನ್ಯಾಯವೂ ಅಲ್ಲ. ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಊರಿಗೆ ಹೋಗುವುದೂ ಹೀಗೆ. ಆ ದಿನಗಳಿಗೆ ಓಣಿಯ ಮನೆ ಡೇ ಕೇರಿನವರ ಜೊತೆ ದಿನದ ಲೆಕ್ಕದಲ್ಲಿ ಮುಂಚೆಯೇ ಒಪ್ಪಂದ ಮಾಡಿಟ್ಟುಕೊಳ್ಳಿ. ಕೂಸು ಆ ಮನೆಯನ್ನು ಮೊದಲೇ ಎರಡು ಮೂರು ಸಲ ನೋಡಿರಬೇಕು, ಇಲ್ಲದಿದ್ದರೆ ತುರ್ತಿನ ದಿನ ಅದು ಕೆಲಸಕ್ಕೆ ಬರುವುದಿಲ್ಲ.

ಸರಕಾರ, ಕಂಪನಿ

ಅಂಗನವಾಡಿ ಮೂರು ವರ್ಷ ತುಂಬಿದ ಮಕ್ಕಳಿಗೆ ಉಚಿತ, ಬಿಸಿ ಊಟವೂ ಇದೆ. ಮನೆಗೆ ಹತ್ತಿರವಿದ್ದು ಕಾರ್ಯಕರ್ತೆ ಚುರುಕಾಗಿದ್ದರೆ ಬೆಳಗಿನ ಮೂರು ತಾಸಿಗೆ ಎಷ್ಟೋ ಪ್ಲೇ ಹೋಮ್‌ಗಳಿಗಿಂತ ಕಮ್ಮಿ ಏನಲ್ಲ. ನೋಡದೆಯೇ ಮೂಗು ಮುರಿಯುವುದು ಬೇಡ. 2023-24ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ‘ಕೂಸಿನ ಮನೆ’ ಗ್ರಾಮ ಪಂಚಾಯಿತಿಗಳದು, ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ಶುರುವಾದದ್ದು. ಪಾಲಿಕೆ ವ್ಯಾಪ್ತಿಯವರು ಅದನ್ನು ನೆಚ್ಚುವಂತಿಲ್ಲ.

ಕಂಪನಿಯ ಕಡೆ ಕೇಳುವುದನ್ನು ಹಲವರು ಮರೆಯುತ್ತಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 26 ವಾರದ ರಜೆಯ ಜೊತೆಗೆ, 50 ಮತ್ತು ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ಬೆಂಗಳೂರಿನ ಆಫೀಸಿನ ಕ್ರೆಶ್ ಹುಬ್ಬಳ್ಳಿಯಲ್ಲಿ ಕೂತವರಿಗೆ ಉಪಯೋಗವಿಲ್ಲ, ಅದರ ಬದಲು ಡೇ ಕೇರ್ ಭತ್ಯೆ ಕೊಡುವ ಕಂಪನಿಗಳಿವೆ. ಎಚ್‌ಆರ್‌ಗೆ ಮೇಲ್ ಮಾಡಿ ಕೇಳಲು ಖರ್ಚೇನಿಲ್ಲ. ಭತ್ಯೆ ಸಿಗಬೇಕಾದರೆ ಜಿಎಸ್‌ಟಿ ನಂಬರೋ ನೋಂದಣಿಯೋ ಇರುವ ಬಿಲ್ಲು ಕೇಳಬಹುದು. ಓಣಿಯ ಮನೆಯವರು ಅದನ್ನು ಕೊಡಲಾರರು.

ಸಂಜೆಯ ತಾಸುಗಳು

ಈ ಊರಿನ ಸೇವೆಗಳೆಲ್ಲ ಸೋಲುವುದು ಸಂಜೆ ಐದರಿಂದ ಎಂಟರ ನಡುವೆ. ಡೇ ಕೇರ್ ಮುಚ್ಚುವ ಹೊತ್ತು, ನೋಡುವಾಕಿ ತನ್ನ ಮನೆಯ ರೊಟ್ಟಿ ಬಡಿಯಲು ಹೊರಡುವ ಹೊತ್ತು, ಯುರೋಪಿನವರ ಮೀಟಿಂಗ್ ಬಿಸಿಯಾಗುವ ಹೊತ್ತು, ಕೂಸು ಕಿರಿಕಿರಿ ಮಾಡುವ ಹೊತ್ತು, ನಾಲ್ಕೂ ಒಂದೇ. ಇದಕ್ಕೆ ತಯಾರಿ ಸೇವೆ ಇಲ್ಲ, ಜೋಡಿಸಿಕೊಳ್ಳಬೇಕು. ಕೆಳಗಿನ ಮನೆಯ ಕಾಲೇಜು ಹುಡುಗಿಗೆ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಟ್ಟೆಯ ಮೇಲೆ, ಉದ್ಯಾನದಲ್ಲಿ ಆಡಿಸಲು ಹೇಳಬಹುದು. ಆಕೆ ಕೂಸನ್ನು ಮನೆಯಿಂದ ಹೊರಗೆ ಕರೆದೊಯ್ಯುವುದೇ ಇದರ ಲಾಭ, ಮನೆಯೊಳಗೆ ಆಡಿಸಿದರೆ ಅಳು ಬಾಗಿಲಿಗೇ ಬರುತ್ತದೆ. ವಾರಕ್ಕೆ ಎರಡು ಸಂಜೆ ಅಪ್ಪನ ಹೆಸರಿಗೆ ಬರೆದು, ಮ್ಯಾನೇಜರಿಗೆ ಹೇಳಿ ಕಷ್ಟದ ಮೀಟಿಂಗುಗಳನ್ನೆಲ್ಲ ಆ ಎರಡು ದಿನಕ್ಕೆ ಸರಿಸಿಕೊಂಡವರು ಇದ್ದಾರೆ, ಅದೂ ನಡೆಯುತ್ತದೆ.

ಹುಡುಕಲು ಹೊರಡುವವರಿಗೆ: ಪ್ಲೇ ಹೋಮಿನ ಅರ್ಧ ದಿನದ ಸೀಟು ಬೇಕಿದ್ದರೆ ಮಾರ್ಚ್‌ನಲ್ಲೇ ಹೋಗಿ, ಜೂನ್‌ಗೆ ಹೋದರೆ ಇಡೀ ದಿನದ್ದೇ ಉಳಿದಿರುತ್ತದೆ. ಮನೆಗೆ ಬರುವಾಕಿಯನ್ನು ಪಂಚಮಿ ಕಳೆದ ಮೇಲೆ ಗೊತ್ತು ಮಾಡಿದರೆ ದೀಪಾವಳಿವರೆಗೆ ಪಂಚಮಿಯಷ್ಟು ದೊಡ್ಡ ಸೂಟಿ ಬರುವುದಿಲ್ಲ. ಆಫೀಸಿನ ರಜೆ ಮುಗಿಯುವ ಐದು ವಾರ ಮುಂಚೆ ಆಕೆ ಕೆಲಸಕ್ಕೆ ಬರತೊಡಗಿರಬೇಕು. ಆ ಐದು ವಾರದ ಪಗಾರ ದಂಡ ಅನಿಸಿದರೂ ಕೊಡಿ.